ಟಿಡಿಎಸ್ 340 ಅದ, ಮತ್ತ ದೊಡ್ಡಪ್ಪನ ಅಂಗೈ ಯಾಕ ಹಿಂಗ ಆಗ್ಯಾವ?

ತೊಗರಿ_ಹೊಲ
ಎಲ್ಲರಿಗೂ ನಮಸ್ಕಾರ್ರಿ. ನಮ್ದು ರಾಯಚೂರು ಜಿಲ್ಲಾ, ಲಿಂಗಸುಗೂರು ತಾಲ್ಲೂಕು, ಹಟ್ಟಿ ಕಡಿ ಒಂದು ಹಳ್ಳಿ. ಊರ ಹೆಸರು ಹೇಳಂಗಿಲ್ಲ, ಇನ್ನೂ ಯಾವುದೂ ಖಾತ್ರಿ ಇಲ್ಲ, ಸುಮ್ಮನ ಊರಿಗೆ ಕೆಟ್ಟ ಹೆಸರು ಯಾಕ.

ನಮ್ಮ ದೊಡ್ಡಪ್ಪಗ 58 ವಯಸ್ಸು. ಎರಡೂ ಅಂಗೈ ತುಂಬ ಜ್ವಾಳದ ಕಾಳಿನಷ್ಟು ಗಟ್ಟಿ ಗಂಟು ಎದ್ದಾವ. ಅಂಗಾಲಿನಾಗೂ ಅವ. ಎದಿ, ಬೆನ್ನು ಕರ್ರಗಾಗಿ ನಡುನಡುವ ಬಿಳಿ ಚುಕ್ಕಿ ಬಿದ್ದಾವ. ತುರಿಕಿ ಇಲ್ಲ, ನೋವು ಇಲ್ಲ. ಮೊದಲ ಎಲ್ಲಾರೂ ಗುದ್ದಲಿ ಹಿಡಿದ ಜಡ್ಡು ಅಂದ್ರು. ಒಂದು ದವಾಖಾನಿಯಾಗ ಇಸುಬು ಅಂತ ಮುಲಾಮು ಕೊಟ್ರು, ಆರು ತಿಂಗಳು ಹಚ್ಚಿದ್ರೂ ಒಂದು ಕಾಳು ಕರಗಲಿಲ್ಲ. ಈಗ ಊರಾಗ ಒಬ್ಬಿಬ್ಬರು ಬ್ಯಾರೆ ರೋಗದ ಹೆಸರು ಪಿಸುಗುಡಾಕ ಹತ್ಯಾರ. ದೊಡ್ಡಪ್ಪ ಮದುವಿ ಮನಿಗೆ ಹೋಗಿ ಪಂಕ್ತಿಯಾಗ ಕೂಡೋದ ಬಿಟ್ಟುಬಿಟ್ಟಾರ.

ಮನಿ ಹಿಂದ ಬೋರ್ ಅದ, 240 ಫೂಟು, ಹಾಕಿಸಿ ಮೂವತ್ತು ವರ್ಷದ ಮ್ಯಾಲಾತು. ನೀರು ಕನ್ನಡಿ ಇದ್ದಂಗ, ರುಚೀನೂ ಚಲೋ. ಮೊನ್ನೆ ಟಿಡಿಎಸ್ (ನೀರಾಗ ಕರಗಿದ ಉಪ್ಪು, ಖನಿಜ ಎಷ್ಟು ಅದ ಅನ್ನೋ ಲೆಕ್ಕ) ನೋಡೋ ಪೆನ್ ತರಿಸಿ ಅದ್ದಿ ನೋಡಿದೆ, 340 ತೋರಿಸ್ತು. ಕ್ಯಾನ್ ನೀರು ಮಾರೋ ಅಣ್ಣ "500ರೊಳಗ ಅದ, ಅಮೃತ ಬಿಡು" ಅಂದ. ನನ್ನ ಗೆಳೆಯ ಒಬ್ಬವ ಮಾತ್ರ "ನಿಮ್ಮ ಕಡಿ ನೀರಾಗ ಆರ್ಸೆನಿಕ್ ಅನ್ನೋ ವಿಷ ಇರ್ತದ, ನೋಡಿಸು" ಅಂತಾನ. ಟಿಡಿಎಸ್ ಕಡಿಮಿ ಇದ್ರ ಅದೂ ಇರಾಂಗಿಲ್ಲ ಅಲ್ರಿ?

ಲ್ಯಾಬ್_ಹಳಬ
ತಮ್ಮಾ, ಆ ಪೆನ್ನನ್ನು ನಂಬಬೇಡ. ಮೂವತ್ತು ವರ್ಷ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು ನಾನು. ಈ ಟಿಡಿಎಸ್ ಪೆನ್ನಿನಷ್ಟು ಜನರ ದಾರಿ ತಪ್ಪಿಸಿದ ಸಾಮಾನು ಇನ್ನೊಂದನ್ನು ನೋಡಿಲ್ಲ.

ಅದು ನೀರಿನಲ್ಲಿ ಏನಿದೆ ಎಂದು ನೋಡುವುದೇ ಇಲ್ಲ. ಎರಡು ತಂತಿಯ ನಡುವೆ ಕರೆಂಟು ಎಷ್ಟು ಹರಿಯಿತು ಎಂದು ನೋಡಿ, ಅದನ್ನು ಒಂದು ಅಂಕಿಯಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಸುಣ್ಣ, ಉಪ್ಪು, ಸೋಡಾ ಇವೆಲ್ಲ ನೂರುಗಟ್ಟಲೆ ಮಿಲಿಗ್ರಾಂ ಇರುವಂಥವು, ಅವು ಗೊತ್ತಾಗುತ್ತವೆ. ಆರ್ಸೆನಿಕ್‌ಗೆ ನಮ್ಮ ದೇಶದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯದೂ ಅಷ್ಟೇ. ಮಿತಿಯ ಮೂವತ್ತು ಪಟ್ಟು ವಿಷವಿದ್ದರೂ ಅದು 0.3 ಮಿಲಿಗ್ರಾಂ. ನಿನ್ನ ಪೆನ್ನು ಒಂದೊಂದು ಮಿಲಿಗ್ರಾಂ ಎಣಿಸುವಂಥದ್ದು, 340 ಇದ್ದದ್ದು 340 ಆಗಿಯೇ ಇರುತ್ತದೆ. ಇನ್ನೊಂದು ತಮಾಷೆ ಕೇಳು. ಆಳದ ನೀರಿನಲ್ಲಿ ಆರ್ಸೆನಿಕ್ಕಿನ ಒಂದು ರೂಪಕ್ಕೆ ವಿದ್ಯುದಂಶವೇ ಇರುವುದಿಲ್ಲ. ಕರೆಂಟು ಅಳೆಯುವ ಯಂತ್ರದ ಮುಂದೆ ಅದು ಎದುರಿಗೇ ನಡೆದುಹೋದರೂ ಕಾಣದು.

ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಪರೀಕ್ಷೆಗೆ ಕಳಿಸದೆ ಬೇರೆ ದಾರಿಯೂ ಇಲ್ಲ.

ಚರ್ಮದ_ಡಾಕ್ಟರಮ್ಮ
ಫೋಟೋ ನೋಡದೆ ಯಾವ ರೋಗವನ್ನೂ ಹೇಳುವವಳಲ್ಲ ನಾನು. ಆದರೆ ನೀವು ಬರೆದಿರುವುದನ್ನು ಓದಿದಾಗ ಬೆನ್ನು ನೆಟ್ಟಗಾಯಿತು. ಅಂಗೈ ಅಂಗಾಲು ಎರಡರಲ್ಲೂ, ಎರಡೂ ಬದಿ ಒಂದೇ ಥರ ಗಟ್ಟಿ ಗಂಟು. ಮೈಮೇಲೆ ಕಪ್ಪಿನ ನಡುವೆ ಬಿಳಿ ಚುಕ್ಕೆ. ಧೂಳು ಕೂತ ಅಂಗಳದ ಮೇಲೆ ಮೊದಲ ಮಳೆಯ ನಾಲ್ಕು ಹನಿ ಬಿದ್ದರೆ ಹೇಗೆ ಕಾಣುತ್ತದೋ ಹಾಗೆ, ಹೌದಾ? ಪಠ್ಯದಲ್ಲೂ ಇದನ್ನು ಮಳೆಹನಿಗೇ ಹೋಲಿಸುತ್ತಾರೆ.

ಗುದ್ದಲಿಯ ಜಡ್ಡು ಹಿಡಿಕೆ ಉಜ್ಜುವ ಜಾಗದಲ್ಲಿ ಮಾತ್ರ ಬರುತ್ತದೆ, ಅಂಗಾಲಿನ ನಡುವೆ ಬರುವುದಿಲ್ಲ. ಇಸುಬಾದರೆ ತುರಿಕೆ ಇರಬೇಕು. ಊರವರು ಪಿಸುಗುಡುತ್ತಿರುವ ಕಾಯಿಲೆ, ಅಂದರೆ ಕುಷ್ಠದಲ್ಲಿ ಮಚ್ಚೆ ಇರುವ ಕಡೆ ಸ್ಪರ್ಶ ಹೋಗಿರುತ್ತದೆ. ದೊಡ್ಡಪ್ಪನವರ ಬಿಳಿ ಚುಕ್ಕೆಯ ಮೇಲೆ ಹತ್ತಿಯ ಎಳೆ ಆಡಿಸಿ ನೋಡಿದರೆ ಗೊತ್ತಾಗುತ್ತದಾ ಕೇಳಿ. ಆದರೂ ಅದನ್ನು ಚರ್ಮದ ವೈದ್ಯರೇ ಖಚಿತ ಮಾಡಬೇಕು.

ಒಂದು ಮುಖ್ಯ ಪ್ರಶ್ನೆ: ಮನೆಯಲ್ಲಿ ಇನ್ನು ಯಾರಿಗಾದರೂ ಇದೆಯಾ? ಆ ಬೋರಿನ ನೀರು ಕುಡಿಯುವ ಅಕ್ಕಪಕ್ಕದವರಿಗೆ?

ತೊಗರಿ_ಹೊಲ
ಮೇಡಂ, ನೀವು ಕೇಳಿದ ಮ್ಯಾಲ ಫೋನ್ ಹಚ್ಚಿ ಕೇಳಿದೆ. ಹತ್ತಿ ಎಳಿ ಗೊತ್ತಾಗ್ತದಂತ. ದೊಡ್ಡಮ್ಮಗೂ ಅಂಗಾಲಿನಾಗ ಎರಡು ಮೂರು ಗಂಟು ಅವಂತ, "ನೀ ಕೇಳಿಲ್ಲ, ನಾ ಹೇಳಿಲ್ಲ" ಅಂದ್ರು. ಹಿಂದಿನ ಓಣಿಯ ಮಾವಗೂ ಅವ. ಅವರೂ ನಮ್ಮ ಬೋರಿನ ನೀರೇ ಒಯ್ತಾರ.

ಸುರಪುರ_ಸೀಮಿ
ಅಣ್ಣಾ, ನಿಮ್ಮ ಬರಹ ಓದಿ ನನಗ ಕಿರದಳ್ಳಿ ತಾಂಡಾ ನೆನಪಾತು. ನಮ್ಮ ಸುರಪುರ ತಾಲ್ಲೂಕಿನ ಊರದು, ಯಾದಗಿರಿ ಜಿಲ್ಲಾ. ಬಾಜೂಕ ಮಂಗಳೂರು ಅಂತ ಒಂದು ಊರು ಅದ. ಕಡಲ ಕಡಿ ಮಂಗಳೂರು ಅಲ್ರಿ, ನಮ್ದ ಬ್ಯಾರೆ. ಅಲ್ಲಿ ಹಳೇ ಬಂಗಾರದ ಗಣಿ ಇತ್ತು, ಮುಚ್ಚಿ ಹೋಗ್ಯಾದ. ಗಣಿಯಿಂದ ಹೊರಗ ಒಗೆದ ಮಣ್ಣು ಅಲ್ಲೇ ಗುಡ್ಡಿ ಆಗಿ ಬಿದ್ದಿತ್ತು.

ಆ ತಾಂಡಾದ ಮಂದಿಗೆ ಇದೇ ಗಂಟು, ಇದೇ ಚುಕ್ಕಿ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಅವರ ತಂಡ ಬಂದು ನೋಡಿತ್ತು. ಅವರ ವರದಿ 2013ರಾಗ ಪ್ರಕಟ ಆತು. 59 ಬೋರಿನ ನೀರು ಪರೀಕ್ಷಾ ಮಾಡ್ಯಾರ, ನೂರಕ್ಕ 79ರಾಗ ಆರ್ಸೆನಿಕ್ 10 ಮೈಕ್ರೋಗ್ರಾಂ ದಾಟಿತ್ತು, ಎಲ್ಲಕ್ಕಿಂತ ಹೆಚ್ಚಂದ್ರ 303. ಮಂದಿನ್ನ ನೋಡ್ಯಾರ, 181 ಮಂದಿಯೊಳಗ ನೂರಕ್ಕ 58.6 ಮಂದಿಗೆ ಚರ್ಮದ ಮ್ಯಾಲ ಗುರುತು ಇದ್ದವು. 171 ಮಂದಿಯ ಕೂದಲು ಉಗುರು ಒಯ್ದು ನೋಡಿದ್ರ ಒಬ್ಬರದೂ ಸ್ವಚ್ಛ ಇದ್ದಿಲ್ಲ.

ನೀರಿನಾಗ ಅಷ್ಟ ಅಲ್ಲ. ಮನಿ ಸುತ್ತಮುತ್ತಲಿನ ಮಣ್ಣು 12 ಕಡಿ ತಗೊಂಡಿದ್ರು, ಆರು ಕಡಿ ಕಿಲೋಕ್ಕ 2000 ಮಿಲಿಗ್ರಾಂ ಮ್ಯಾಲ ಇತ್ತು. ಅದ ಮಣ್ಣಾಗ ಕೂಸುಗಳು ಆಡ್ತಾವ, ಅದ ಅಂಗಳದಾಗ ಕಾಳು ಒಣಹಾಕ್ತಾರ. ನೀರು ಬದಲಿ ಮಾಡಿದ್ರ ಮುಗೀತು ಅನ್ನೋವರು ಇದನ್ನ ಮರೀತಾರ.

ಹಟ್ಟಿ_ಹುಡುಗ
ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮಪ್ಪ ಹಟ್ಟಿ ಬಂಗಾರದ ಗಣಿಯಾಗ 26 ವರ್ಷ ದುಡಿದಾರ, ನಮ್ಮ ಮನಿ ಊಟ ಆ ಬಂಗಾರದಿಂದ ಬಂದದ್ದು. ಏನಾದ್ರೂ ಆತು ಅಂದ್ರ ಎಲ್ಲಾರೂ ಗಣಿ ಕಡಿ ಬೊಟ್ಟು ಮಾಡ್ತಾರ. ನಮ್ಮ ಮುತ್ಯಾ, ಅವರ ಮುತ್ಯಾ ಇದೇ ನೆಲದ ನೀರು ಕುಡಿದು ತೊಂಬತ್ತು ವರ್ಷ ಬಾಳ್ಯಾರ. ಅವರಿಗೆ ಯಾಕ ಆಗಲಿಲ್ಲ?

ಹಸಿರುಕಲ್ಲು
ಹಟ್ಟಿ ತಮ್ಮನ ಪ್ರಶ್ನೆ ನ್ಯಾಯವಾದದ್ದು. ನಾನು ಭೂವಿಜ್ಞಾನ ಓದಿದವ, ನಿಮ್ಮ ಕಡೆಯ ಬಂಗಾರದ ಕಲ್ಲಿನ ಪಟ್ಟಿಯಲ್ಲಿ ಬಿಸಿಲಲ್ಲಿ ಕಲ್ಲು ಒಡೆದುಕೊಂಡು ಅಲೆದವ. ಎರಡು ಮಾತು.

ಮೊದಲನೆಯದು, ವಿಷ ಮೊದಲಿನಿಂದಲೂ ಕಲ್ಲಿನಲ್ಲೇ ಇದೆ. ನಮ್ಮ ಕಡೆ ಬಂಗಾರ ಒಂಟಿಯಾಗಿ ಸಿಗುವುದಿಲ್ಲ. ಗ್ರೀನ್‌ಸ್ಟೋನ್ (ಹಸಿರು ಛಾಯೆಯ ಹಳೆಯ ಕಲ್ಲು) ಪಟ್ಟಿಯ ಬೆಣಚುಕಲ್ಲಿನ ಎಳೆಗಳಲ್ಲಿ ಅದರ ಜೊತೆಗೆ ಆರ್ಸೆನೋಪೈರೈಟ್ ಎಂಬ ಅದಿರು ಇರುತ್ತದೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಬೆಳ್ಳಿ ಬಣ್ಣದ ಕಲ್ಲು. ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ಜಜ್ಜಿದ ವಾಸನೆ ಬರುತ್ತದೆ. ಮೊದಲ ಸಲ ಮೂಗಿಗೆ ಬಡಿದಾಗ ಯಾರೋ ಬುತ್ತಿ ಬಿಚ್ಚಿದರು ಅಂತ ತಿರುಗಿ ನೋಡಿದ್ದೆ! ಆಳದಲ್ಲಿ ಗಾಳಿ ತಾಗದೆ ಇರುವಾಗ ಆ ಕಲ್ಲು ಸುಮ್ಮನಿರುತ್ತದೆ. ಗಾಳಿ, ನೀರು ಎರಡೂ ಸಿಕ್ಕರೆ ತುಕ್ಕು ಹಿಡಿದಂತೆ ಕರಗಿ ಆರ್ಸೆನಿಕ್ ನೀರಿಗೆ ಬಿಡುತ್ತದೆ. ಗಣಿ ಕೆಲಸ ಏನು ಮಾಡುತ್ತದೆಂದರೆ, ಆಳದ ಕಲ್ಲನ್ನು ಮೇಲೆ ತಂದು ಹಿಟ್ಟು ಮಾಡಿ ಬಯಲಲ್ಲಿ ಹರಡುತ್ತದೆ. ಇಡೀ ಬೆಲ್ಲದಚ್ಚಿಗಿಂತ ಪುಡಿ ಬೆಲ್ಲ ಬೇಗ ಕರಗುತ್ತದಲ್ಲ, ಹಾಗೆ. ಆದ್ದರಿಂದ ಗಣಿಯೇ ಇಲ್ಲದ ಹೊಲದ ಬೋರಿನಲ್ಲೂ ಆರ್ಸೆನಿಕ್ ಸಿಗಬಹುದು, ಗಣಿಯ ಪಕ್ಕದ ಬೋರು ಸ್ವಚ್ಛವೂ ಇರಬಹುದು. ಒಂದೊಂದು ಬೋರೂ ಬೇರೆ ಬೇರೆ ಬಿರುಕಿನಿಂದ ನೀರು ಎಳೆಯುತ್ತದೆ.

ಎರಡನೆಯದು, ಮುತ್ಯಾ ಕುಡಿದದ್ದು ಈ ನೀರಲ್ಲ. ಅವರು ಕುಡಿದದ್ದು ಹಳ್ಳದ ಒರತೆ, ತೆರೆದ ಬಾವಿ, ಕೆರೆ. ಇನ್ನೂರು ಮುನ್ನೂರು ಅಡಿ ಕೆಳಗಿನ ಕಲ್ಲಿನ ಬಿರುಕಿಗೆ ಪೈಪು ಇಳಿಸಿದ್ದು ನಮ್ಮ ಅಪ್ಪಂದಿರ ಕಾಲದಲ್ಲಿ.

ವಿಷಯ ಬಿಟ್ಟು ಒಂದು ಮಾತು. ಈ ಬಂಗಾರದ ಹುಡುಕಾಟ ನಮಗೆ ಇನ್ನೊಂದನ್ನೂ ಕೊಟ್ಟಿದೆ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಗಣಿ ಎಂಜಿನಿಯರಿಗೆ. ಅಶೋಕ ಎಂಬ ಹೆಸರೇ ಇರುವ ಶಾಸನ ಅಂತ ಅದು ಲೋಕಪ್ರಸಿದ್ಧವಾಯಿತು. ಬಂಗಾರ ಹುಡುಕಲು ಬಂದವನಿಗೆ ಬಂಡೆಯ ಮೇಲೆ ಅಕ್ಷರ ಸಿಕ್ಕಿತು.

ಹೌರಾ_ಕನ್ನಡಿಗ
ಮುತ್ಯಾನ ಮಾತಿಗೆ ನಾನೂ ಒಂದು ಸೇರಿಸುತ್ತೇನೆ. ಕೆಲಸದ ಮೇಲೆ ಹದಿನೈದು ವರ್ಷದಿಂದ ಬಂಗಾಳದಲ್ಲಿದ್ದೇನೆ. ಇಲ್ಲಿ ಆದದ್ದೂ ಅದೇ. ಕೆರೆಯ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತವೆ ಎಂದು 1970ರ ದಶಕದಿಂದ ಗಂಗೆಯ ಬಯಲಲ್ಲಿ, ಗಡಿಯಾಚೆ ಬಾಂಗ್ಲಾದೇಶದಲ್ಲಿ, ಲಕ್ಷಗಟ್ಟಲೆ ಕೈಪಂಪು ಹಾಕಿದರು. ಉದ್ದೇಶ ಒಳ್ಳೆಯದೇ. ನೀರಿನಲ್ಲಿ ಕ್ರಿಮಿ ಇದೆಯಾ ನೋಡಿದರು, ಆರ್ಸೆನಿಕ್ ಇದೆಯಾ ಯಾರೂ ನೋಡಲಿಲ್ಲ. 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಕೆ. ಸಿ. ಸಾಹಾ ಅವರ ಬಳಿ ಹಳ್ಳಿಯವರು ಇದೇ ಅಂಗೈ ಹಿಡಿದುಕೊಂಡು ಬಂದರು. ಬಾಂಗ್ಲಾದೇಶದಲ್ಲಿ ಪತ್ತೆಯಾದದ್ದು 1993ರಲ್ಲಿ. ಅಲ್ಲಿ ಆಮೇಲೆ ಪಂಪುಗಳನ್ನು ಪರೀಕ್ಷಿಸಿ ಕೆಟ್ಟದ್ದಕ್ಕೆ ಕೆಂಪು ಬಣ್ಣ, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಅರ್ಥವಾಗುವ ವರದಿ ಅದು. ನಮ್ಮ ರಾಯಚೂರು ಯಾದಗಿರಿಯಲ್ಲಿ ಅಷ್ಟನ್ನಾದರೂ ಮಾಡಬಹುದಲ್ಲ, ಒಂದು ಡಬ್ಬಿ ಬಣ್ಣಕ್ಕೆ ಎಷ್ಟು ಮಹಾ ಖರ್ಚು?

ಆದರೆ ಒಂದು ವ್ಯತ್ಯಾಸ ಇದೆ. ಬಂಗಾಳದ ಆರ್ಸೆನಿಕ್ ನದಿ ತಂದು ಹಾಕಿದ ಕೆಸರಿನದು, ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣ ಕರಗುವಾಗ ಅದೂ ಬಿಡುಗಡೆಯಾಗುತ್ತದೆ. ನಿಮ್ಮದು ಗಟ್ಟಿ ಕಲ್ಲಿನದು. ಅಲ್ಲಿ ನಡೆದ ಉಪಾಯ ಇಲ್ಲಿ ಕಣ್ಣುಮುಚ್ಚಿ ನಕಲು ಮಾಡಿದರೆ ನಡೆಯದು.

ಹಟ್ಟಿ_ಹುಡುಗ
ಬಾವಿ ಮಾತು ಖರೇ ಅದ. ನಮ್ಮ ಮುತ್ಯಾನ ಬಾವಿ ಈಗ ಕಸದ ತಿಪ್ಪಿ ಆಗ್ಯಾದ. ನಾನೂ ನಮ್ಮ ಮನಿ ನೀರು ಪರೀಕ್ಷಾ ಮಾಡಸ್ತೀನಿ ಬಿಡ್ರಿ.

ಕೋಲಾರದ_ಕೊಳವೆ
ನಮ್ ಕಡೆ ಕಥೆಯೇ ಬೇರೆ. ನಮ್ದು ಕೋಲಾರ, ಸಾವಿರದ ಇನ್ನೂರು ಅಡಿ ಕೊರೆದ್ರೂ ಎರಡಿಂಚು ನೀರು ಬಂದ್ರೆ ಪೂಜೆ ಮಾಡ್ತೀವಿ. ಗ್ರಾನೈಟ್ ಕಲ್ಲು. ಫ್ಲೋರೈಡ್ ಅಂತೂ ಹಳೇ ನೆಂಟ, ಈಗ ಯುರೇನಿಯಂ ಅಂತಾರೆ. ಭಾರತೀಯ ವಿಜ್ಞಾನ ಸಂಸ್ಥೆಯವರು ರಾಜ್ಯದ ಪೂರ್ವ ಭಾಗದ 73 ಹಳ್ಳಿ ನೋಡಿದ್ರಲ್ಲ, 57ರಲ್ಲಿ 30 ಮೈಕ್ರೋಗ್ರಾಂ ಮಿತಿ ದಾಟಿತ್ತು. ಯುರೇನಿಯಂ ಅಂದ ತಕ್ಷಣ ಎಲ್ರೂ ಬಾಂಬು, ವಿಕಿರಣ ಅಂತ ಹೆದರ್ತಾರೆ. ನೀರಿನಲ್ಲಿ ಅದರ ಮುಖ್ಯ ಪೆಟ್ಟು ಮೂತ್ರಪಿಂಡಕ್ಕೆ, ಸೀಸ ಪಾದರಸದ ಥರಾನೇ. ಕ್ಷಮಿಸಿ, ನಿಮ್ಮ ಮಾತಿನ ನಡುವೆ ನಮ್ಮ ಗೋಳು ತಂದೆ.

ಪೀಣ್ಯ_ಎರಡನೇ_ಹಂತ
ನಮ್ಮ ಬೆಂಗಳೂರಿನ ಪೀಣ್ಯದಲ್ಲಿ ಕ್ರೋಮಿಯಂ. ಎಲೆಕ್ಟ್ರೋಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕೋ) ಶೆಡ್ಡುಗಳ ನೀರು ನೆಲಕ್ಕಿಳಿದು ಕೆಲವು ಕಡೆ ಬೋರ್ ನೀರು ಹಳದಿ ಬಂದಿದ್ದೂ ಉಂಟು. ನಮ್ಮ ಪುಣ್ಯಕ್ಕೆ ಅದು ಕಣ್ಣಿಗೆ ಕಾಣುತ್ತೆ, ಕುಡಿಯೋಕೆ ಯಾರೂ ಹೋಗಲ್ಲ. ನಿಮ್ಮದು ಕನ್ನಡಿ ಥರ ಬರುತ್ತಲ್ಲ, ಅದಕ್ಕೇ ಭಯ.

ತೊಗರಿ_ಹೊಲ
ಎಲ್ಲಾರಿಗೂ ಶರಣು. ಇಷ್ಟು ಮಂದಿ ಬರೀತಾರ ಅಂತ ತಿಳಿದಿದ್ದಿಲ್ಲ.

ಒಂದು ಗೊಂದಲ ಅದ. ಊರಾಗ ನಾಲ್ಕು ವರ್ಷದ ಹಿಂದ ಶುದ್ಧ ನೀರಿನ ಘಟಕ ಹಾಕ್ಯಾರ, ಐದು ರೂಪಾಯಿ ನಾಣ್ಯ ಹಾಕಿದ್ರ 20 ಲೀಟರ್ ಬರ್ತದ. ದೊಡ್ಡಪ್ಪನ ಮನಿಯಾಗ ಅಂದಿನಿಂದ ಕುಡಿಯಾಕ ಅದ ನೀರು. ಅದರ ಟಿಡಿಎಸ್ 60 (ಗೊತ್ತಾತ್ರಿ ಹಳಬ ಸರ್, ಪೆನ್ ಬಿಟ್ಟೆ). ನಾಲ್ಕು ವರ್ಷ ಫಿಲ್ಟರ್ ನೀರು ಕುಡಿದ್ರೂ ಗಂಟು ಯಾಕ ಬೆಳಿಯಾಕ ಹತ್ಯಾವ?

ಒಲೆ_ಮುಂದೆ
ಅಣ್ಣಾ, ನಾನು ಡಾಕ್ಟರೂ ಅಲ್ಲ ವಿಜ್ಞಾನಿಯೂ ಅಲ್ಲ, ಸಿಂಧನೂರಿನ ಸೊಸೆ. ಒಂದು ಕೇಳ್ತೀನಿ. ನಿಮ್ಮ ದೊಡ್ಡಮ್ಮ ರೊಟ್ಟಿ ಹಿಟ್ಟಿಗೆ ಎಸರು ಇಡೋದು ಯಾವ ನೀರಾಗ?

ನಮ್ಮ ಮನಿಯಾಗ ಎಲ್ಲಾರೂ ಫಿಲ್ಟರ್ ನೀರು ಕುಡೀತೀವಿ ಅಂತ ಹೆಮ್ಮಿಲೆ ಹೇಳ್ತಾರ. ಕ್ಯಾನ್ ನೀರು ಲೋಟಕ್ಕ ಅಷ್ಟ. ಬ್ಯಾಳಿಗೆ ಬೋರ್ ನೀರು, ಯಾಕಂದ್ರ "ಕುದೀತದಲ್ಲ". ಅನ್ನಕ್ಕ, ಚಹಾಕ್ಕ, ಅಂಬಲಿಗೆ, ಸಾರಿಗೆ, ಎಲ್ಲಾ ಬೋರ್ ನೀರು. ಎಸರಿನ ಹಿಟ್ಟು ಎಷ್ಟು ನೀರು ಕುಡೀತದ ಅಂತ ರೊಟ್ಟಿ ಬಡಿಯೋ ಕೈಗೇ ಗೊತ್ತು.

ಲ್ಯಾಬ್_ಹಳಬ
ಒಲೆ ಮುಂದೆ ಕೂತ ತಂಗಿ ನಾನು ಮೂರು ಸಲ ಬರೆದು ಅಳಿಸಿದ್ದನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆರ್ಸೆನಿಕ್ ಎಲ್ಲಿಗೆ ಹೋಗಬೇಕು? ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿದು ದಪ್ಪವಾಗುತ್ತದೆ. ಎರಡು ಲೋಟ ಚಹಾದ ನೀರು ಒಂದೂವರೆ ಲೋಟಕ್ಕಿಳಿದರೆ ವಿಷ ಅಷ್ಟೇ, ನೀರು ಕಡಿಮೆ.

ಮಿತಿಯ ಲೆಕ್ಕ ಹಾಕುವವರು ದೊಡ್ಡವರು ದಿನಕ್ಕೆ ಎರಡು ಲೀಟರ್ ಕುಡಿಯುತ್ತಾರೆ ಎಂದು ಹಿಡಿಯುತ್ತಾರೆ. ರಾಯಚೂರಿನ ಮೇ ತಿಂಗಳಲ್ಲಿ ತೊಗರಿ ಹೊಲಕ್ಕೆ ಹೋದವನು ಎರಡು ಲೀಟರ್ ಕುಡಿದು ಬದುಕಿ ಬರುತ್ತಾನಾ? ಹೊಲದಲ್ಲಿ ಕುಡಿಯುವುದು ಯಾವ ನೀರು ಎಂಬುದನ್ನೂ ಕೇಳು.

ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ಹೆದರಬೇಕಾಗಿಲ್ಲ, ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ.

ಇನ್ನು ಮಾದರಿ ಹಿಡಿಯುವುದು. ಜಿಲ್ಲಾ ಕೇಂದ್ರದಲ್ಲಿ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯ ಇದೆ, ಅಲ್ಲಿ ಕೇಳು. ಪಂಚಾಯ್ತಿಯಲ್ಲಿರುವ ಮಾಮೂಲಿ ಕಿಟ್ಟಿನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ನೋಡುತ್ತಾರೆ; ಆರ್ಸೆನಿಕ್ಕಿನ ಕಿಟ್ಟು ಬೇರೆ. ಅದರಲ್ಲಿ ಸತುವಿನ ಪುಡಿ, ಆಮ್ಲ ಹಾಕಿ ಮುಚ್ಚಿದರೆ ಗ್ಯಾಸ್ ಎದ್ದು ಮೇಲಿನ ಕಾಗದದ ಪಟ್ಟಿ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಗ್ಯಾಸೂ ವಿಷವೇ, ಬಾಗಿಲು ಕಿಟಕಿ ತೆಗೆದಿಟ್ಟು ಮಾಡಬೇಕು. ಕಿಟ್ಟು ಹೌದು ಅಲ್ಲ ಹೇಳುವುದಕ್ಕೆ ಸಾಕು, ಅಂಕಿಗೆ ಪ್ರಯೋಗಾಲಯವೇ ಬೇಕು.

ಮೋಟಾರ್ ಹಾಕಿ ಹತ್ತು ನಿಮಿಷ ನೀರು ಬಿಡು, ಪೈಪಿನಲ್ಲಿ ನಿಂತದ್ದು ಹೋಗಲಿ. ಅವರೇ ಕೊಟ್ಟ ಪ್ಲಾಸ್ಟಿಕ್ ಬಾಟಲಿ ತಗೋ, ಕೂಲ್‌ಡ್ರಿಂಕ್ ಬಾಟಲಿ ಬೇಡ. ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸು. ಲೋಹ ನೋಡುವ ಬಾಟಲಿಗೆ ನೈಟ್ರಿಕ್ ಆಮ್ಲದ ಹನಿ ಹಾಕಬೇಕು, ಇಲ್ಲದಿದ್ದರೆ ಆರ್ಸೆನಿಕ್ ಕಬ್ಬಿಣದ ಜೊತೆ ಬಾಟಲಿಯ ಗೋಡೆಗೆ ಅಂಟಿಕೊಂಡು ವರದಿಯಲ್ಲಿ ಕಡಿಮೆ ಬರುತ್ತದೆ. ನೀರು ತುಂಬಿಸಿ ಕೊಟ್ಟ ಮೇಲೆ ಆಮ್ಲ ಅವರೇ ಹಾಕುತ್ತಾರೆ, ನೀನು ಮುಟ್ಟಬೇಡ. ಮನೆಯ ಬೋರು ಒಂದು, ಘಟಕದ ನಲ್ಲಿಯಿಂದ ಬರುವುದು ಒಂದು, ಶಾಲೆಯ ಬೋರು ಒಂದು. ಘಟಕದ್ದನ್ನು ಬಿಡಬೇಡ. ನಾನು ಹೇಳಿದೆನಲ್ಲ, ವಿದ್ಯುದಂಶ ಇಲ್ಲದ ರೂಪ, ಅದು ಘಟಕದೊಳಗೆ ನೀರು ಸೋಸುವ ಆರ್‌ಓ ಪೊರೆಯನ್ನೂ ಸ್ವಲ್ಪ ನುಸುಳುತ್ತದೆ. ಟಿಡಿಎಸ್ 340ರಿಂದ 60ಕ್ಕೆ ಇಳಿಯಿತು ಅಂದರೆ ಉಪ್ಪು ಹೋಯಿತು ಅಂತ ಮಾತ್ರ ಅರ್ಥ.

(ಆರ್ಸೆನಿಕ್ ಸರಿಯಾಗಿ ನೋಡಿದರೆ ಲೋಹವೇ ಅಲ್ಲ, ಉಪಲೋಹ. ಭಾರಲೋಹಗಳ ಪಟ್ಟಿಯಲ್ಲಿ ಅದನ್ನು ಸೇರಿಸುವುದು ಸ್ವಭಾವ ಒಂದೇ ಎಂದು. ಯಾರಾದರೂ ತಿದ್ದುವ ಮೊದಲು ನಾನೇ ಹೇಳಿಬಿಟ್ಟೆ.)

ಚರ್ಮದ_ಡಾಕ್ಟರಮ್ಮ
ವೈದ್ಯರ ಬಳಿ ಹೋಗುವಾಗ "ನೀರಿನ ಆರ್ಸೆನಿಕ್ ಅನುಮಾನ ಇದೆ" ಎಂದು ನೀವೇ ಬಾಯಿಬಿಟ್ಟು ಹೇಳಿ. ನಾವು ದಿನಕ್ಕೆ ನೂರು ಜನರನ್ನು ನೋಡುತ್ತೇವೆ, ಎಲ್ಲಿಯ ನೀರು ಕುಡಿಯುತ್ತೀರಿ ಎಂದು ಕೇಳುವುದು ನಮ್ಮಲ್ಲಿ ಹಲವರಿಗೆ ಹೊಳೆಯುವುದೇ ಇಲ್ಲ. ನಾಚಿಕೆಯ ಮಾತು, ಆದರೆ ಹೌದು.

ರಕ್ತ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಆರ್ಸೆನಿಕ್ ರಕ್ತದಲ್ಲಿ ಗಂಟೆಗಳ ಲೆಕ್ಕದಲ್ಲಷ್ಟೇ ಇರುತ್ತದೆ. ಮೂತ್ರ ಈಚಿನ ಕೆಲವು ದಿನದ್ದನ್ನು ಹೇಳುತ್ತದೆ, ಕೂದಲು ಉಗುರು ಕಳೆದ ತಿಂಗಳುಗಳದನ್ನು. ಗಂಟಿನ ಚೂರು ತೆಗೆದು ಪರೀಕ್ಷಿಸುವುದು ಅಗತ್ಯವಾಗಬಹುದು, ಯಾಕೆಂದರೆ ಇಂಥ ಗಂಟು ವರ್ಷಗಳ ನಂತರ ಚರ್ಮದ ಕ್ಯಾನ್ಸರಿಗೆ ತಿರುಗುವುದುಂಟು. ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೂ ಆರ್ಸೆನಿಕ್‌ಗೂ ನಂಟು ಖಚಿತ. ಗಂಟಿನ ಮೇಲೆ ಹುಣ್ಣಾದರೆ, ರಕ್ತ ಒಸರಿದರೆ, ದಿಢೀರ್ ದೊಡ್ಡದಾದರೆ ಒಂದು ವಾರವೂ ಕಾಯಬಾರದು.

ಮದ್ದು ಕೇಳಿದರೆ, ಮೊದಲನೆಯದೂ ಎರಡನೆಯದೂ ಆ ನೀರು ನಿಲ್ಲಿಸುವುದೇ. ಗಂಟು ಮೆತ್ತಗಾಗಲು ಮುಲಾಮು ಇದೆ. ವಿಷ ಹೊರಗೆ ತೆಗೆಯುತ್ತೇವೆ ಎಂದು ಸಾವಿರಾರು ರೂಪಾಯಿಯ ಡ್ರಿಪ್ ಹಾಕುವವರು ಸಿಕ್ಕಾರು, ಹಲವು ವರ್ಷದ ಈ ಥರದ ಕಾಯಿಲೆಗೆ ಅದರಿಂದ ಲಾಭ ಸಾಬೀತಾಗಿಲ್ಲ. ಹೊಟ್ಟೆತುಂಬ ಬೇಳೆ, ಮೊಟ್ಟೆ, ಕಾಳು ತಿನ್ನಲಿ. ಮೈಯಲ್ಲಿ ಪ್ರೋಟೀನ್ ಇಲ್ಲದವರಿಗೆ ಆರ್ಸೆನಿಕ್ ಹೆಚ್ಚು ಕಾಡುತ್ತದೆ. ಆಮೇಲೆ, ದೊಡ್ಡಪ್ಪ ಬೀಡಿ ಸೇದುತ್ತಾರಾ? ಸೇದುತ್ತಿದ್ದರೆ ಅದೂ ನಿಲ್ಲಬೇಕು. ಎರಡೂ ಸೇರಿದರೆ ಒಂದಕ್ಕೊಂದು ಕೂಡುವುದಲ್ಲ, ಗುಣಿಸುತ್ತದೆ.

ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಬಂದಿದೆ ಎಂದರೆ ಎಲ್ಲರದ್ದೂ ಒಂದೇ ಬೋರು ಎಂದಷ್ಟೇ.

ತೊಗರಿ_ಹೊಲ
ಹೊಲದಾಗ ಕುಡಿಯೋದೂ ಬೋರ್ ನೀರೇ, ಎಸರಿಗೂ ಅದೇ. ಬೀಡಿ ದಿನಕ್ಕ ಒಂದು ಕಟ್ಟು. ಊರಿಗೆ ಹೊಂಟೀನಿ.

ತೊಗರಿ_ಹೊಲ
ತಡ ಆತು, ಮೂರು ವಾರ ಆದ ಮ್ಯಾಲ ಬರೀತಿದ್ದೀನಿ. ವರದಿ ಬಂತು.

ಮನಿ ಬೋರು: 86 ಮೈಕ್ರೋಗ್ರಾಂ. ಘಟಕದ ನೀರು: 14. ಹಳಬ ಸರ್ ಹೇಳಿದಂಗ ಆತು, ಅದೂ ಮಿತಿ ಮೀರ್ಯಾದ. ಪೊರೆ ಹಾಕಿದ ದಿನದಿಂದ ಬದಲಿ ಮಾಡಿಲ್ಲಂತ, ನಡೆಸೋವರೇ ಹೇಳಿದ್ರು. ಫ್ಲೋರೈಡ್ ಮಿತಿಯೊಳಗ ಅದ. ಶಾಲೆ ಬೋರಿನ ವರದಿ ಇನ್ನೂ ಬಂದಿಲ್ಲ, ಹೆಡ್‌ಮಾಸ್ತರು ತಾವೇ ಮೋಟಾರಿನ ಸ್ವಿಚ್ಚಿಗೆ ಹಗ್ಗ ಕಟ್ಟಿ ಹಾಕ್ಯಾರ.

ದೊಡ್ಡಪ್ಪನ್ನ ದೊಡ್ಡ ದವಾಖಾನಿಗೆ ಕರಕೊಂಡು ಹೋಗಿದ್ದೆ. ಚೂರು ತೆಗೆದು ನೋಡಿದ್ರು, ಆರ್ಸೆನಿಕ್‌ದೇ ಅಂದ್ರು, ಕ್ಯಾನ್ಸರ್ ಇಲ್ಲ, ಆರು ತಿಂಗಳಿಗೊಮ್ಮೆ ಬರ್ರಿ ಅಂದ್ರು. ನಾ ಡಾಕ್ಟರಿಗೆ ಒಂದ ಬೇಡಿಕೊಂಡೆ: "ಇದು ಅಂಟುರೋಗ ಅಲ್ಲ" ಅಂತ ಕನ್ನಡದಾಗ ಚೀಟಿ ಬರೆದು ಶಿಕ್ಕಾ ಹಾಕಿ ಕೊಡ್ರಿ ಅಂತ. ನಕ್ಕು ಬರೆದುಕೊಟ್ರು. ದೊಡ್ಡಪ್ಪ ಅದನ್ನ ಪ್ಲಾಸ್ಟಿಕ್ ಚೀಲದಾಗ ಹಾಕಿ ಅಂಗಿ ಕಿಸೆಯಾಗ ಇಟ್ಟುಕೊಂಡಾರ, ಆಧಾರ್ ಕಾರ್ಡಿನ ಜತಿ. ಶುಕ್ರವಾರದ ಮದುವಿಗೆ ಹೋಗಿ ಪಂಕ್ತಿಯಾಗ ಕುಂತು ಉಂಡು ಬಂದ್ರು.

ದೊಡ್ಡಮ್ಮಗ ತಿಳಿಸೋದು ಕಷ್ಟ ಆತು. ಆರ್ಸೆನಿಕ್ ಅಂದ್ರ "ಅದೇನೋ ನಿಮ್ಮ ಇಂಗ್ಲೀಷು" ಅಂದ್ರು. ಕಡಿಗೆ ಹಿಂದಿನ ಓಣಿಯ ಮಾವ, ಮೊದಲ ನಾಟಿ ವೈದ್ಯ ಮಾಡ್ತಿದ್ದವರು, "ಅಕ್ಕಾ, ಪಾಷಾಣ, ಪಾಷಾಣ ಅದ ನೀರಾಗ" ಅಂದ್ರು ನೋಡ್ರಿ. ಒಲಿ ಮ್ಯಾಲಿನ ಎಸರು ತಗದು ಹಿತ್ತಲಕ್ಕ ಚೆಲ್ಲಿಬಿಟ್ರು. ಈಗ ನಾಲ್ಕು ಮನಿ ಕೂಡಿ ಮೂರು ಕಿಲೋಮೀಟರಿನ ಆಚೆ ಊರಿಂದ, ಕೃಷ್ಣಾ ಹೊಳಿ ನೀರು ನಳಕ್ಕ ಬರೋ ಊರು, ಟಂಟಂ ಗಾಡಿಯಾಗ ನೀರು ತರಸ್ತೀವಿ. ನಮ್ಮೂರಿಗೂ ಪೈಪ್ ಹಾಕ್ಯಾರ, ನಳ ಕುಂದ್ರಿಸ್ಯಾರ, ನೀರು ಮಾತ್ರ ಬಂದಿಲ್ಲ. ಎರಡು ವರ್ಷ ಆತು, ನಳದಾಗ ಜೇಡ ಬಲಿ ಕಟ್ಟ್ಯಾದ. ವರದಿ ಹಿಡ್ಕೊಂಡು ಪಂಚಾಯ್ತಿಗೆ ಅರ್ಜಿ ಕೊಟ್ಟೀನಿ, ಸ್ವೀಕೃತಿ ಹಾಕಿಸಿಕೊಂಡೀನಿ.

ಹಟ್ಟಿ_ಹುಡುಗ
ನಮ್ಮ ಮನಿದು 6 ಬಂತು. ಬಾಜೂ ಮನಿ ಕಾಕಾಂದು 41. ನಡುವ ಒಂದು ಗೋಡಿ ಅಷ್ಟ ಅದ. ನಮ್ಮಪ್ಪ ಕಾಕಾಗ "ನಮ್ಮ ಬೋರಿನಿಂದ ಪೈಪ್ ಎಳಕೋ" ಅಂದಾರ. ಏಳು ವರ್ಷ ಆಗಿತ್ತು ಮಾತಿಲ್ಲದ.

ಹೌರಾ_ಕನ್ನಡಿಗ
ತೊಗರಿಯವರೇ, ಖುಷಿಯಾಯಿತು. ಒಂದು ಮಾತು ಕೇಳಬೇಕಿತ್ತು. ಘಟಕದ ಪೊರೆ ಬದಲಾಯಿಸುತ್ತಾರೆ ಅಂತಲೇ ಇಟ್ಟುಕೊಳ್ಳೋಣ. ಆರ್‌ಓ ಆರ್ಸೆನಿಕ್ಕನ್ನು ಸುಡುವುದಿಲ್ಲ, ಬೇರ್ಪಡಿಸಿ ಇನ್ನೊಂದು ಪೈಪಿಗೆ ದಬ್ಬುತ್ತದೆ. ಆ ಹೊರಬಿಡುವ ನೀರಿನಲ್ಲಿ ಬೋರಿಗಿಂತ ಹೆಚ್ಚು ವಿಷ ಇರುತ್ತದೆ. ಇಲ್ಲಿ ಕಬ್ಬಿಣದ ಚೂರು ತುಂಬಿದ ಫಿಲ್ಟರುಗಳಲ್ಲೂ ಇದೇ ತಲೆನೋವು, ಹಳೆಯ ಕೆಸರನ್ನು ಎಲ್ಲಿ ಹಾಕುವುದು ಅಂತ. ನಿಮ್ಮ ಊರಿನ ಘಟಕದ ಆ ಪೈಪು ಎಲ್ಲಿಗೆ ಹೋಗುತ್ತದೆ?

ತೊಗರಿ_ಹೊಲ
ಇದನ್ನ ನಾ ವಿಚಾರಾನೇ ಮಾಡಿದ್ದಿಲ್ಲ. ದೊಡ್ಡಪ್ಪಗ ಫೋನ್ ಹಚ್ಚಿ ಕೇಳಿದೆ. ನೀರು ಹಾಳಾಗಬಾರದು ಅಂತ ಊರಾಗಿನ ಹಿರಿಯರೇ ಆ ಪೈಪನ್ನ ದನದ ತೊಟ್ಟಿಗೆ ಜೋಡಿಸ್ಯಾರಂತ. ನಮ್ಮ ಎಮ್ಮಿ ಎರಡೂ ಅಲ್ಲೇ ಕುಡಿಯೋದು. ಅವುಗಳ ಹಾಲು ಡೇರಿಗೆ ಹೋಗ್ತದ, ಅರ್ಧ ಲೀಟರ್ ಮನಿಗೆ.

ಹಳಬ ಸರ್, ತೊಟ್ಟಿ ನೀರಿಗೂ ಅದೇ ಬಾಟ್ಲಿ ನಡೀತದೇನ್ರಿ, ಬ್ಯಾರೆ ಬೇಕೇನು? ನಾಳೆ ನಸುಕಿನ ಬಸ್ಸಿಗೆ ಹೊಂಟೀನಿ.